ಸೊನ್ನೆ ತಪ್ಪಿದ ಸಂತೇಬೆನ್ನೂರು

ಸ್ವಲ್ಪ ತಡೆಯಿರಿ, ಈಗಲೇ ಎದ್ದು ಹೋಗಬೇಡಿ. ಒಂದೇ ಒಂದು ಸೊನ್ನೆಯಿಂದ ನಾನು ಆಸೆಪಟ್ಟ ಹುದ್ದೆ ಇನ್ನೊಬ್ಬರ ಪಾಲಾಯಿತು. ಆ ಸೊನ್ನೆ ಬರುವ ತನಕ ಕೂತಿರಿ. ನಡುವೆ ಫೋನ್ ಬಂದರೆ ಎತ್ತಬೇಡಿ. ನಾನು ಎತ್ತಿದ್ದಕ್ಕೇ ಇಷ್ಟೆಲ್ಲ ಆದದ್ದು.

ನಮ್ಮದು ಬೇಸಾಯದ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕಂಪನಿ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಲ್ಲಿ ಒಂದೊಂದು ಶಾಖೆ. ಚನ್ನಗಿರಿ ಶಾಖೆಗೆ ನಾನು ಮುಖ್ಯಸ್ಥ. ಮೂವರು ಡ್ರೈವರ್‌ಗಳು, ಎರಡು ಟ್ರ್ಯಾಕ್ಟರ್, ಮೆಕ್ಕೆಜೋಳ ಬಿಡಿಸುವ ಒಂದು ಮಿಷನ್ನು. ಮಿಷನ್ನು ನಮಗೂ ಹೊನ್ನಾಳಿಗೂ ಸೇರಿ ಒಂದೇ. ನಾಳೆ ಅದು ಯಾವ ಊರಿಗೆ ಹೋಗಬೇಕು ಎಂಬ ಪಟ್ಟಿಯನ್ನು ನಾನು ಬರೆಯಬೇಕು. ನಿಜ ಹೇಳಬೇಕೆಂದರೆ ಮುಖ್ಯಸ್ಥನ ಕೆಲಸ ಆ ಪಟ್ಟಿಯೊಂದೇ. ಮಿಕ್ಕದ್ದೆಲ್ಲ ಫೋನು.

ಹೋದ ವರ್ಷ ನಮ್ಮ ಯಜಮಾನರು, ನಾಲ್ಕೂ ಶಾಖೆಗಳ ಮೇಲೆ ಒಬ್ಬರನ್ನು ನೇಮಿಸುತ್ತೇನೆ, ನಿಮ್ಮೊಳಗೇ ಒಬ್ಬರನ್ನು, ಎಂದರು. ಅದು ನನಗೇ ಎಂದು ನಾನು ಅಂದುಕೊಂಡುಬಿಟ್ಟೆ. ಅದಕ್ಕೆ ಕಾರಣವೂ ಇತ್ತು. ಕೆಲಸದಲ್ಲಿ ಗಮನ ಹಿಡಿದಿಡುವುದು ಹೇಗೆ ಎಂದು ವಿಡಿಯೊ ನೋಡಿ ನೋಡಿ ನಾನೇ ಕಲಿತಿದ್ದೆ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಗಂಟೆ ಹೊಡೆಯುವ ಆ್ಯಪ್, ಮೂರು ಬಣ್ಣದ ಪೆನ್ನು, ಬೆಳಗಿನ ಮೊದಲ ತಾಸು ಕಷ್ಟದ ಕೆಲಸಕ್ಕೆ. ಶನಿವಾರದ ಮೀಟಿಂಗಿನಲ್ಲಿ ಮಿಕ್ಕ ಮೂವರಿಗೂ ನಾನೇ ಪಾಠ ಮಾಡಿದೆ. ನ್ಯಾಮತಿಯವನು ಕೇಳಿದ್ದು ಇಷ್ಟೇ:

"ಗಂಟೆ ಹೊಡೆದಾಗ ಏಳ್ಬೇಕಾ, ಕೂತ್ಕಬೇಕಾ? ಅದೊಂದು ಹೇಳ್ಬಿಡು ಗುರುವೇ."

ಎಲ್ಲರೂ ನಕ್ಕರು. ಜಗಳೂರು ಶಾಖೆಯ ಹೆಣ್ಣುಮಗಳು ಮಾತ್ರ ನಗಲಿಲ್ಲ, ಏನನ್ನೂ ಬರೆದುಕೊಳ್ಳಲೂ ಇಲ್ಲ. ಕೆಲಸಕ್ಕೆ ಸೇರಿದ್ದು ನನಗಿಂತ ಎರಡು ವರ್ಷ ತಡವಾಗಿ. ನನ್ನನ್ನು ಅಣ್ಣಾ ಎನ್ನುತ್ತಿದ್ದಳು. ಪಾಠವೆಲ್ಲ ಮುಗಿದ ಮೇಲೆ, "ಚೆನ್ನಾಗಿ ಹೇಳಿದ್ರಿ ಅಣ್ಣಾ," ಎಂದು ಬಸ್ಸಿಗೆ ಹೋದಳು.

ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅವಳ ಪಟ್ಟಿಗಳಿಂದ. ಎಲ್ಲ ಶಾಖೆಯವರೂ ಮರುದಿನದ ಪಟ್ಟಿಯ ಫೋಟೊವನ್ನು ವಾಟ್ಸಾಪ್ ಗ್ರೂಪಿಗೆ ಹಾಕಬೇಕು. ಅವಳದು ಬೆಳಿಗ್ಗೆ ಒಂಬತ್ತೂವರೆಗೆಲ್ಲ ಬಂದುಬಿಡುತ್ತಿತ್ತು. ನನ್ನದು ಊಟದ ಹೊತ್ತು ದಾಟಿದ ಮೇಲೆ. ಅವಳದು ಗುಂಡಗಿನ ಅಕ್ಷರ, ಒಂದೂ ಗೀಚಿಲ್ಲ, ತಿದ್ದಿಲ್ಲ. ಫೋಟೊವನ್ನು ಬೆರಳಲ್ಲಿ ಹಿಗ್ಗಿಸಿ, ಎಲ್ಲಾದರೂ ಹೊಡೆದುಹಾಕಿದ ಗುರುತಿದೆಯೇ ಎಂದು ಹುಡುಕುತ್ತಿದ್ದೆ. ಸಿಗದ ದಿನ ಚಹಾ ಸಪ್ಪೆ ಅನಿಸುತ್ತಿತ್ತು.

ಯಜಮಾನರು ಬೇರೆ ದಿನಾ, "ಜಗಳೂರು ನೋಡ್ರಿ," ಎಂದು ಗ್ರೂಪಿನಲ್ಲಿ ಹಾಕುತ್ತಿದ್ದರು.

ಅವಳ ಮಿಷನ್ನಿಗೆ ಒಂದು ಬೆಲ್ಟ್ ಬೇಕಿತ್ತು. ಡ್ರೈವರ್ ಕೈಲಿ ಕಳಿಸಬಹುದಿತ್ತು, ನಾನೇ ಹೊರಟೆ. ಬೆಲ್ಟ್ ಒಂದು ನೆಪ. ಅವಳು ಯಾವ ಆ್ಯಪ್ ಬಳಸುತ್ತಾಳೆ ಎಂದು ನೋಡಬೇಕಿತ್ತು.

ಬೆಳಿಗ್ಗೆ ಎಂಟೂವರೆಗೆ ಹೋದರೆ ಅವಳು ಮೇಜಿನ ಮುಂದೆ ತಲೆ ಬಗ್ಗಿಸಿ ಬರೆಯುತ್ತಿದ್ದಾಳೆ. ಬಾಗಿಲ ಪಕ್ಕದ ಬೆಂಚಿನಲ್ಲಿ ಯಂತ್ರ ಕೇಳಲು ಬಂದ ಒಬ್ಬ ರೈತ. ಅವಳ ಫೋನು ಅವನ ಕೈಯಲ್ಲಿ. ಫೋನು ಬಂತು, ಅವನೇ ಎತ್ತಿದ.

"ಹಲೋ, ಯಾರು? ಅಕ್ಕಾರು ಪಟ್ಟಿ ಬರೀತಾರಪ್ಪ. ಏನು? ಇವತ್ತೇ ಬೇಕಾ? ನಾನೂ ಅದಕ್ಕೇ ಬಂದು ಕೂತೀನಿ. ನೆಲ ಹಸಿ ಐತೇನು? ಹಸಿ ಇದ್ರೆ ಟ್ರ್ಯಾಕ್ಟರ್ ತಗಂಡು ಏನ್ಮಾಡ್ತಿಯಾ, ನಾಡಿದ್ದು ಕೇಳು. ಹತ್ತಕ್ಕೆ ಮಾಡು, ಅಕ್ಕಾರು ಸಿಗ್ತಾರೆ."

ಅಷ್ಟೇ. ಆ ಕಡೆಯವನು ಸಿಟ್ಟಾಗಲಿಲ್ಲ. ಅದೇ ಮಾತನ್ನು ನಾವು ಹೇಳಿದ್ದರೆ ಕಂಪನಿಯವರ ಧಿಮಾಕು ಎನ್ನುತ್ತಿದ್ದ. ರೈತನಿಗೆ ರೈತ ಹೇಳಿದ, ಮುಗಿಯಿತು. ಮೊದಲು ಬಂದವರು ಯಾರೋ ಅವರ ಕೈಗೆ ಫೋನು. ಅವರ ಕೆಲಸ ಆದ ಮೇಲೆ ಮುಂದಿನವರ ಕೈಗೆ.

ಇಷ್ಟು ಸುಲಭದ್ದು ನನಗೆ ಯಾಕೆ ಹೊಳೆಯಲಿಲ್ಲ ಎಂದು ಹೊಟ್ಟೆ ಉರಿಯಿತು. ಬೆಲ್ಟ್ ಮೇಜಿನ ಮೇಲಿಟ್ಟು, ಚಹಾ ಕುಡಿಯದೆ ಬಂದುಬಿಟ್ಟೆ.

ಮರುದಿನವೇ ನಾನೂ ಶುರು ಮಾಡಿದೆ. ಮೊದಲು ಬಂದವರು ಕತ್ತಲಗೆರೆಯ ಒಬ್ಬ ಅಜ್ಜ. ಫೋನು ಅವರ ಕೈಗೆ ಕೊಟ್ಟು ಪೆನ್ನು ಹಿಡಿದೆ. ಮೊದಲ ಫೋನು ಬಂತು. ಅಜ್ಜ ಮಾತಾಡಿದ್ದೇ ಮಾತಾಡಿದ್ದು. ಮಳೆ ಕೇಳಿದರು, ಎಮ್ಮೆ ಕೇಳಿದರು, ಮಿಷನ್ನು ಸೋಮವಾರ ಸಿಗಬಹುದು ಎಂದೂ ಹೇಳಿದರು. ಆ ಕಡೆಯಿಂದ ನಗು ಕೇಳಿಸಿತು. ನನ್ನ ಜೊತೆ ಮಾತಾಡುವಾಗ ಯಾರೂ ಹಾಗೆ ನಕ್ಕವರಲ್ಲ. ನನ್ನ ಫೋನಿನಲ್ಲಿ ನನಗಿಂತ ಚೆನ್ನಾಗಿ ಮಾತಾಡುವ ಮುದುಕನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ನೀವು ನಂಬಬೇಕು. ಮೂರನೆಯ ಫೋನಿಗೆ ಎದ್ದು ಹೋಗಿ ಕಸಿದುಕೊಂಡೆ.

"ಯಾಕಪ್ಪಾ, ನಾನೇನು ಕಚ್ಚಿ ತಿಂತೀನಾ ಅದನ್ನ?" ಎಂದರು ಅಜ್ಜ.

ಆಮೇಲೆ ಮತ್ತೆ ಹಳೇ ರೂಢಿ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು.

ಈಗ ಸೊನ್ನೆ. ನಮ್ಮ ಪಟ್ಟಿಯಲ್ಲಿ ಊರಿನ ಹೆಸರು ಪೂರ್ತಿ ಬರೆಯುವುದಿಲ್ಲ, ಮೊದಲ ಅಕ್ಷರ ಸಾಕು. 'ಸಂ' ಎಂದರೆ ಸಂತೇಬೆನ್ನೂರು, 'ಸಾ' ಎಂದರೆ ಹೊನ್ನಾಳಿ ಕಡೆಯ ಸಾಸ್ವೆಹಳ್ಳಿ. ಅದೇ ವಾರದ ಒಂದು ಬೆಳಿಗ್ಗೆ ಮಿಷನ್ನಿನ ಮುಂದೆ 'ಸ' ಬರೆದಿದ್ದೆ, ಪಕ್ಕದಲ್ಲಿ ಸೊನ್ನೆ ಇಡಬೇಕು, ಫೋನು ಬಂತು. ಎತ್ತಿದೆ. ಸಾಸ್ವೆಹಳ್ಳಿಯವರು. ಎರಡು ನಿಮಿಷ ಮಾತಾಡಿ ಇಟ್ಟೆ. ಕಿವಿಯಲ್ಲಿ ಸಾಸ್ವೆಹಳ್ಳಿಯೇ ಇತ್ತು. ಕೈ ತಾನಾಗಿಯೇ ದೀರ್ಘ ಎಳೆಯಿತು. ಮರುದಿನ ಮಿಷನ್ನು ಸಾಸ್ವೆಹಳ್ಳಿಗೆ ಹೋಯಿತು.

ಸಂತೇಬೆನ್ನೂರಿನಲ್ಲಿ ಅದಕ್ಕಾಗಿ ಕಾಯುತ್ತಿದ್ದವರು ಒಬ್ಬ ರೈತ ಮಹಿಳೆ. ವಿಷಯ ಗೊತ್ತಾದ ಕೂಡಲೇ ಬೈಕ್ ಹತ್ತಿ ಹೋದೆ. ಕಣದಲ್ಲಿ ತೆನೆಯ ರಾಶಿ, ಸುತ್ತ ಹನ್ನೆರಡು ಆಳುಗಳು.

"ಬಾರಪ್ಪಾ," ಎಂದರು ಅವರು. "ಮಿಷನ್ನು ಜೇಬಿನಾಗೆ ತಂದೀಯೇನು?"

"ತಪ್ಪಾತಮ್ಮಾ, ನಿಮ್ಮೂರು ಬರೆಯಾಕೆ ಹೋಗಿ ಸಾಸ್ವೆಹಳ್ಳಿ ಅಂತ ಬರೆದುಬಿಟ್ಟೆ. ನಾಳೆ ಬೆಳಿಗ್ಗೆ ಮೊದಲು ಇಲ್ಲಿಗೇ ಕಳಿಸ್ತೀನಿ."

"ನಾಳೆ ಇವ್ರಿಗೆ ಮತ್ತೆ ಉಪ್ಪಿಟ್ಟು ನೀನೇ ಕೆದಕ್ತೀಯಾ? ಬೆಳಿಗ್ಗಿಂದ ಫೋನ್ ಹಚ್ಚಿ ಹಚ್ಚಿ ನನ್ನ ಹೆಬ್ಬೆಟ್ಟು ಸವೆದೈತೆ. ಯಾವಾಗ ಮಾಡಿದ್ರೂ ಬೇರೆಯವರ ಜೊತೆ ಮಾತಾಡ್ತಾ ಅದಾರೆ ಅಂತೈತೆ. ಎಲ್ಲರ ಫೋನೂ ಎತ್ತೋನು ಅಂತಾರೆ ನಿನ್ನ. ನನಗೆ ಮಾತ್ರ ನೀನು ಸಿಗಲೇ ಇಲ್ಲ."

ಆಳುಗಳಲ್ಲಿ ಯಾರೋ ಕಿಸಕ್ಕೆಂದರು.

ನಾನು ಸಿಗದೆ ಅವರು ಯಜಮಾನರಿಗೇ ಫೋನ್ ಮಾಡಿದ್ದರಂತೆ. ಶನಿವಾರದ ಮೀಟಿಂಗಿನಲ್ಲಿ ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಗಮನ ಇಡಾದು ಹೆಂಗೆ ಅಂತ ನೀನು ಚೆನ್ನಾಗಿ ಹೇಳ್ತೀಯಪ್ಪಾ," ಎಂದರು. "ಆಕೆ ಗಮನ ಇಡ್ತಾಳೆ."

ಹುದ್ದೆ ಜಗಳೂರಿನವಳಿಗೆ ಹೋಯಿತು. ಗ್ರೂಪಿನಲ್ಲಿ ಅಭಿನಂದನೆ ಬರೆದು ಮೂರು ಹೂವಿನ ಚಿತ್ರ ಹಾಕಿದೆ. ಕಳಿಸುವ ಮೊದಲು ಒಂದನ್ನು ಅಳಿಸಿದೆ.

ಆ ಭಾನುವಾರ ಕೂತು ಯೋಚಿಸಿದೆ. ನನ್ನ ಗಮನ ಕದ್ದದ್ದು ಫೋನು ಎಂದು ಇಷ್ಟು ದಿನ ಫೋನನ್ನೇ ಬೈದಿದ್ದೆ. ಅಜ್ಜನ ಕೈಯಿಂದ ಅದನ್ನು ಕಸಿದುಕೊಂಡವನು ನಾನು. ನನ್ನನ್ನು ಯಾರೂ ಕೇಳದೆ ಇದ್ದರೆ ಹೇಗೆ ಎಂಬ ಭಯ. ಹತ್ತು ಜನ ಹುಡುಕುತ್ತಿದ್ದರೆ ನಾನು ದೊಡ್ಡವನು ಎಂಬ ಖುಷಿ. ಯಾವ ವಿಡಿಯೊದವರೂ ಇದನ್ನು ಹೇಳಿರಲಿಲ್ಲ. ಹೇಳಿದ್ದರೆ ಆ ಭಾಗವನ್ನು ಮುಂದಕ್ಕೆ ಓಡಿಸುತ್ತಿದ್ದೆನೋ ಏನೋ.

ಸೋಮವಾರ ಬೆಳಿಗ್ಗೆ ಕತ್ತಲಗೆರೆ ಅಜ್ಜ ಮತ್ತೆ ಬಂದರು. ಫೋನು ಅವರ ಕೈಗಿಟ್ಟು, ಬೆಂಚಿಗೆ ಬೆನ್ನು ಮಾಡಿ ಕೂತೆ. ಫೋನು ಬಂತು.

"ಯಾರವ್ವಾ? ಇಲ್ಲ, ಬರೀತಾ ಕೂತಾನೆ. ಯಾರಾದ್ರೂ ಅಷ್ಟೇ ಕಣವ್ವಾ, ಹತ್ತಕ್ಕೆ ಮಾಡು."

ಇಟ್ಟುಬಿಟ್ಟರು. ಆಮೇಲೆ ನನಗೆ ಹೇಳಿದರು, "ಜಗಳೂರಿಂದಂತೆ. ನಿಮ್ಮ ದೊಡ್ಡ ಮೇಡಮ್ಮಂತೆ. ಹತ್ತಕ್ಕೆ ಮಾಡು ಅಂದ್ರೆ ನಗ್ತಾಳಲ್ಲಪ್ಪ."

ಎದ್ದು ಓಡಬೇಕು ಎನಿಸಿತು. ಓಡಲಿಲ್ಲ. ಅವಳನ್ನು ಕಾಯಿಸಿದೆ ಎಂಬ ಸಣ್ಣ ಸಂತೋಷವಾಯಿತು, ಸುಳ್ಳೇಕೆ ಹೇಳಲಿ. ಪಟ್ಟಿಯಲ್ಲಿ ಸಂತೇಬೆನ್ನೂರು ಎಂದು ಪೂರ್ತಿ ಬರೆದೆ, ಸೊನ್ನೆ ಬಟಾಣಿಯಷ್ಟು ದಪ್ಪ. ಒಂಬತ್ತೂ ಮುಕ್ಕಾಲಿಗೆ ಫೋಟೊ ಹಾಕಿದೆ. ಅವಳ ಪಟ್ಟಿ ಅಷ್ಟೊತ್ತಿಗೆ ಬಂದಾಗಿತ್ತು. ಹಿಗ್ಗಿಸಿ ನೋಡಿದೆ. ಈಗಲೂ ದಿನಾ ನೋಡುತ್ತೇನೆ. ಇನ್ನೂ ಒಂದೂ ಗೀಚು ಸಿಕ್ಕಿಲ್ಲ.

ನೀವೂ ನಾಲ್ಕು ಜನರ ಮೇಲೆ ಕೆಲಸ ನೋಡುವವರಾಗಿದ್ದರೆ ಒಂದು ಮಾತು ಕೇಳುತ್ತೇನೆ. ನಿಮ್ಮ ಸೊನ್ನೆ ಎಲ್ಲಿ ತಪ್ಪಿತು? ಆಗ ಫೋನು ಯಾರ ಕೈಯಲ್ಲಿತ್ತು? ನಾಚಿಕೆಪಡದೆ ಬರೆದು ತಿಳಿಸಿ. ಬೆಳಗಿನ ಹತ್ತರ ನಂತರ ಓದುತ್ತೇನೆ.