ಹಾಳೆಯ ಹಿಂಬದಿ

ತ್ಯಾಗರಾಜನಗರದ ಒಂದು ಕಟ್ಟಡದ ಮೆಟ್ಟಿಲ ಕೆಳಗೆ ವನಿತಾಳ ಟೈಪಿಂಗ್ ಅಂಗಡಿ. ಇಪ್ಪತ್ತಾರು ವರ್ಷದಿಂದ ಸುತ್ತಮುತ್ತಲ ವಕೀಲರ ಕಾಗದಗಳೆಲ್ಲ ಅವಳ ಬೆರಳಿನಿಂದಲೇ ಕೋರ್ಟಿಗೆ ಹೊರಡುತ್ತವೆ. ಲಿಖಿತ ವಾದ ಹತ್ತು ಪುಟ ಮೀರಬಾರದೆಂದು ನ್ಯಾಯಾಧೀಶರು ಹೇಳಿದರೆ ಸಾಕು, ಆ ವಕೀಲರು ಇವಳ ಮುಂದೆ ಬಂದು ನಿಲ್ಲುತ್ತಾರೆ. ಅಕ್ಷರ ಸಣ್ಣ ಮಾಡು, ಸಾಲು ಒತ್ತಿ ಕೂರಿಸು ಎಂದು ಗೋಗರೆಯುತ್ತಾರೆ.

"ಕಳ್ಳಾಟ ಬೇಡ ಸಾರ್, ವಾಪಸ್ ಕಳಿಸ್ತಾರೆ. ಕಥೆ ತೆಗೀರಿ, ಕಾನೂನು ಇಡಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವವಳು ಅವಳು. ಎಷ್ಟು ಜನರ ಗೋಳನ್ನು ಹಾಗೆ ಅಳಿಸಿಹಾಕಿದ್ದಾಳೋ, ಅವಳಿಗೇ ನೆನಪಿಲ್ಲ.

ಈ ಸಲದ ಕೇಸು ಅವಳದೇ. ತಾಯಿ ಕೆಂಪಕ್ಕ ತೀರಿಕೊಂಡು ವರ್ಷ ತುಂಬುವ ಮೊದಲೇ ಅಣ್ಣ ಪ್ರಸನ್ನ ಹನುಮಂತನಗರದ ಮನೆಯಲ್ಲಿ ಅರ್ಧ ಕೇಳಿ ದಾವೆ ಹಾಕಿದ್ದ. ಅವನು ವಾದಿ, ಇವಳು ಪ್ರತಿವಾದಿ. ಜೆ.ಪಿ. ನಗರದ ಸೈಟನ್ನು ಅಪ್ಪನ ಕಾಲದಲ್ಲೇ ತನ್ನ ಪಾಲೆಂದು ಬರೆಸಿಕೊಂಡಿದ್ದ ಪುಣ್ಯಾತ್ಮ ಅವನು. ಅದಕ್ಕೆ ಪತ್ರವಿತ್ತು, ವನಿತಾಳ ವಾದಕ್ಕೆ ಅಷ್ಟು ಸಾಕಿತ್ತು. ಅವಳ ವಕೀಲ ಯಲ್ಲಯ್ಯನವರು ಬರೆಸಿದ್ದು ಸರಿಯಾಗಿ ಹತ್ತು ಪುಟ. ವನಿತಾ ಅದಕ್ಕೆ ತನ್ನದೂ ನಾಲ್ಕು ಪುಟ ಸೇರಿಸಿದಳು.

"ಏನ್ರೀ ವನಿತಾ, ಹದಿನಾಲ್ಕು ಮಾಡಿದೀರಾ? ಊರಿಗೆಲ್ಲ ಬುದ್ಧಿ ಹೇಳೋರು ನೀವು" ಎಂದರು ಯಲ್ಲಯ್ಯ.

"ಅಮ್ಮನ್ನ ನೋಡ್ಕೊಂಡಿದ್ದು ಸಾರ್. ಹನ್ನೊಂದು ವರ್ಷ. ಜಡ್ಜ್ ಒಂದ್ಸಲ ಓದ್ಲಿ ಅಂತ."

"ಓದಿದ್ರೂ ಕೇಸಿಗೇನೂ ಆಗಲ್ಲಮ್ಮ. ಪತ್ರ ಇದೆ, ಗೆಲ್ತೀರ. ಆ ನಾಲ್ಕು ತೆಗೆದುಬಿಡಿ."

ಗೆಲ್ಲುವುದೇನೋ ಸರಿ. ಆದರೆ ಲಕ್ವ ಹೊಡೆದ ಅಮ್ಮನ ಜೊತೆ ಅವಳು ಆ ಮನೆಯಲ್ಲಿ ಹೇಗೆ ಇದ್ದಳೆಂದು ಈವರೆಗೆ ಒಬ್ಬರೂ ಕೇಳಿರಲಿಲ್ಲ. ತಿಥಿಗೆ ಬಂದವರು ಉಂಡು ಹೋದರು. ಕೇಳುವುದು ಕೋರ್ಟಿನ ಕೆಲಸವಾದ್ದರಿಂದ ಅಲ್ಲಾದರೂ ಕೇಳುತ್ತಾರೆಂದು ಅವಳು ಆಸೆಪಟ್ಟಿದ್ದಳು. ಆಸೆ ಹೆಚ್ಚಾಯಿತು, ಅಷ್ಟೆ. ನಾಲ್ಕು ಪುಟ ಅಳಿಸಿ, ಹತ್ತನ್ನು ಸೇವ್ ಮಾಡಿ, ಪ್ರಿಂಟ್ ಕೊಟ್ಟು ಕಳಿಸಿದಳು. ಮೊದಲೇ ಪ್ರಿಂಟಾಗಿದ್ದ ಆ ನಾಲ್ಕು ಹಾಳೆಗಳನ್ನು ಅಭ್ಯಾಸಬಲದಿಂದ ಒಂದು ಬದಿ ಖಾಲಿಯಿರುವ ರಫ್ ಹಾಳೆಗಳ ಜೊತೆ ಪ್ರಿಂಟರಿಗೆ ತುಂಬಿದಳು. ಕರಡು ಪ್ರತಿಗೆ ಹೊಸ ಹಾಳೆ ಹಾಕುವ ರೂಢಿ ಅವಳ ಅಂಗಡಿಯಲ್ಲಿಲ್ಲ.

ಮರುದಿನ ಮಧ್ಯಾಹ್ನ ತಿಲಕ್ ನಗರದಿಂದ ಅಂಜನಮ್ಮ ಎಂಬಾಕೆ ಬಾಡಿಗೆ ಕರಾರು ಮಾಡಿಸಲು ಬಂದರು. ಕರಡು ಕೈಗೆ ಕೊಟ್ಟರೆ ಅದನ್ನು ಬಿಟ್ಟು ಹಾಳೆಯ ಹಿಂಬದಿ ತಿರುಗಿಸಿ, ತುಟಿ ಅಲ್ಲಾಡಿಸುತ್ತಾ ಓದತೊಡಗಿದರು.

"ಕೊನೆಯ ಎರಡು ವರ್ಷ ತಾಯಿಯವರು ಪ್ರತಿವಾದಿಯನ್ನು ವಾದಿಯ ಹೆಸರಿನಿಂದಲೇ ಕರೆಯುತ್ತಿದ್ದರು. ಪ್ರತಿವಾದಿಯು ಆ ಹೆಸರಿಗೇ ಓಗೊಡುತ್ತಿದ್ದರು."

ಆಕೆ ತಲೆಯೆತ್ತಿದಾಗ ಕಣ್ಣು ತುಂಬಿತ್ತು. "ಅಯ್ಯೋ ಪಾಪ, ಯಾರ್ದು ಮೇಡಂ ಇದು?"

"ಯಾವ್ದೋ ಕೇಸಿಂದು ಅಕ್ಕ."

"ಮಿಕ್ಕಿದ್ದು ಇದ್ರೆ ಕೊಡಿ, ಓದ್ತೀನಿ."

ವನಿತಾ ಪ್ರಿಂಟರಿನ ಟ್ರೇ ಎಳೆದಳು. ಹಾಳೆಗಳನ್ನು ಒಂದೊಂದಾಗಿ ತಿರುವಿದಳು, ಮತ್ತೆ ಮೊದಲಿನಿಂದ ತಿರುವಿದಳು.

"ಇಲ್ಲ ಅಕ್ಕ. ಬೆಳಿಗ್ಗೆ ಬಂದೋರ ಕೈಲಿ ಹೋಗ್ಬಿಟ್ಟಿದೆ."