ಕೇಳಬಹುದು, ಹೇಳುವಂತಿಲ್ಲ

2011ರ ಭೂಕಂಪದ ಮರುವರ್ಷ ನಾನು ಜಪಾನಿನ ಹಮಾಮತ್ಸುವಿನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ಇಎಂಸಿ ಎಂಜಿನಿಯರ್ ಆಗಿದ್ದೆ. ಕಾರಿನ ಎಲೆಕ್ಟ್ರಾನಿಕ್ಸ್‌ನಿಂದ ಹೊರಡುವ ರೇಡಿಯೋ ಗದ್ದಲ ಬೇರೆ ಉಪಕರಣಗಳನ್ನು ಕೆಡಿಸದಂತೆ ನೋಡಿಕೊಳ್ಳುವುದು ನನ್ನ ಕೆಲಸ. ರೇಡಿಯೋ ಬಲ್ಲವನೆಂಬ ಒಂದೇ ಕಾರಣಕ್ಕೆ ಕಾರ್ಖಾನೆಯ ತುರ್ತು ಕೊಠಡಿಗೆ ಸ್ಕ್ಯಾನರ್ ಆರಿಸುವ ಹೊಣೆಯನ್ನೂ ನನ್ನ ತಲೆಗೆ ಕಟ್ಟಿದರು.

ಸ್ಕ್ಯಾನರ್ ಎಂದರೆ ಒಂದರ ಹಿಂದೊಂದು ಫ್ರೀಕ್ವೆನ್ಸಿ ತಡಕುತ್ತಾ, ಮಾತು ಕೇಳಿಸಿದಲ್ಲಿ ನಿಲ್ಲುವ ರಿಸೀವರ್. ಅಂಗಡಿಯವನು ಬಣ್ಣದ ಪರದೆಯ ದುಬಾರಿ ಮಾಡೆಲ್ ತೋರಿಸಿದ. ಕರೆಂಟ್ ಹೋದ ದಿನ ಅದನ್ನು ಎಲ್ಲಿ ಚಾರ್ಜ್ ಮಾಡುವುದು? ಕೊಂಬಿನಿ ಎಂಬ ಹಗಲಿರುಳೂ ತೆರೆದಿರುವ ಅಂಗಡಿಗಳಲ್ಲಿ ಸಿಗುವ ಬ್ಯಾಟರಿ ಹಾಕಬಹುದಾದ, ಕೈಗವಸು ತೊಟ್ಟೇ ಒತ್ತಬಹುದಾದ ದಪ್ಪ ಗುಂಡಿಗಳ, ನಗರಾಡಳಿತದ ವಿಪತ್ತು ಪ್ರಸಾರ ಹಿಡಿಯುವ ಸಾದಾ ಮಾಡೆಲ್ ಕೊಂಡೆ. ಪೊಲೀಸರ ಮಾತು ಗೂಢಲಿಪಿಯಲ್ಲಿರುವುದರಿಂದ ಕೇಳಿಸುವುದಿಲ್ಲ. ಅಗ್ನಿಶಾಮಕ ದಳದವರದು ನಮ್ಮ ಕಡೆ ಆಗಿನ್ನೂ ಕೇಳಿಸುತ್ತಿತ್ತು.

ಸುರಕ್ಷತಾ ವಿಭಾಗದ ತನಾಕಾ ಸಾನ್ ಮೊದಲ ದಿನವೇ ಕಾನೂನು ವಿವರಿಸಿದರು. ನಗರಾಡಳಿತದ ಪ್ರಸಾರ ಎಲ್ಲರಿಗಾಗಿ. ಅದನ್ನು ಯಾರಿಗೆ ಬೇಕಾದರೂ ಹೇಳಬಹುದು. ಆದರೆ ಒಬ್ಬರು ಇನ್ನೊಬ್ಬರಿಗೆಂದು ಆಡಿದ್ದನ್ನು ಕೇಳುವುದು ತಪ್ಪಲ್ಲ, ಮೂರನೆಯವರಿಗೆ ದಾಟಿಸುವುದು ತಪ್ಪು.

"ಒಳ್ಳೆ ಸುದ್ದಿ ಆದ್ರೂನಾ?" ಎಂದು ನನ್ನ ಸಹೋದ್ಯೋಗಿ ಗಿರೀಶ ನಗುತ್ತಾ ಕೇಳಿದ.

"ಆದರೂ," ಎಂದರು ತನಾಕಾ ಸಾನ್. ಅವರು ನಗಲಿಲ್ಲ.

ಆ ಶರತ್ಕಾಲದಲ್ಲಿ ಚಂಡಮಾರುತ ಬಂತು. ಊರಿನ ಉತ್ತರದ ಬೆಟ್ಟದ ರಸ್ತೆಯ ಮೇಲೆ ಗುಡ್ಡ ಜರಿಯಿತು. ನಮ್ಮ ಜೊತೆಯ ರಮೇಶ ಬೆಳಿಗ್ಗೆಯೇ ಸಪ್ಲೈಯರ್ ಒಬ್ಬರನ್ನು ನೋಡಲು ಅದೇ ರಸ್ತೆಯಲ್ಲಿ ಹೋಗಿದ್ದ. ಅವನ ಫೋನ್ ಸಿಗುತ್ತಿರಲಿಲ್ಲ. ಹೆಂಡತಿ ಸವಿತಾ ಗಿರೀಶನಿಗೆ ಮೇಲಿಂದ ಮೇಲೆ ಫೋನ್ ಮಾಡುತ್ತಿದ್ದಳು. ತುರ್ತು ಕೊಠಡಿಯಲ್ಲಿ ತನಾಕಾ ಸಾನ್ ರಮೇಶನ ವಿವರ ಕೊಟ್ಟು, ಅಗ್ನಿಶಾಮಕ ಠಾಣೆಯ ಉತ್ತರಕ್ಕಾಗಿ ಕಾಯುತ್ತಿದ್ದರು.

ಅಷ್ಟರಲ್ಲಿ ಸ್ಕ್ಯಾನರ್ ನಿಂತಿತು. ಮಣ್ಣಿನಡಿಯಿಂದ ಒಂದು ಕಾರು ತೆಗೆದಿದ್ದೇವೆ, ವಿದೇಶಿ ಗಂಡಸು, ಪ್ರಜ್ಞೆ ಇದೆ, ನಗರದ ದೊಡ್ಡ ಆಸ್ಪತ್ರೆಗೆ ಒಯ್ಯುತ್ತಿದ್ದೇವೆ ಎಂದಿತು ಅಗ್ನಿಶಾಮಕ ದಳದವರ ಒಂದು ದನಿ.

ಗಿರೀಶ ಎದ್ದ. ನಾನು ಅವನ ತೋಳು ಹಿಡಿದೆ. "ಹೆಸರು ಹೇಳಿಲ್ಲ ಕಣೋ. ಠಾಣೆಯವ್ರು ಹೇಳ್ಲಿ, ಸ್ವಲ್ಪ ತಡ್ಕೋ."

"ಆ ರೋಡಲ್ಲಿ ಇನ್ಯಾವ ಫಾರಿನರ್ ಇರ್ತಾನೆ? ಅಲ್ಲಿ ಅವಳು ಒದ್ದಾಡ್ತಿದಾಳೆ, ನಿಂಗೆ ರೂಲ್ಸಾ?" ಎಂದು ಕೈ ಕೊಡವಿಕೊಂಡು ಹೊರಗೆ ಹೋದ. ಕಾರಿಡಾರಿನಿಂದ ಅವನ ದನಿ ಕೇಳಿಸಿತು. "ಬದುಕಿದಾರೆ ಸವಿತಾ. ದೊಡ್ಡ ಹಾಸ್ಪಿಟಲ್‌ಗೆ ಕರ್ಕೊಂಡು ಬರ್ತಿದಾರೆ."

ಹಮಾಮತ್ಸುವಿನ ಕಾರ್ಖಾನೆಗಳಲ್ಲಿ ನಮ್ಮಂಥ ಭಾರತೀಯರಿಗಿಂತ ಎಷ್ಟೋ ಪಟ್ಟು ಹೆಚ್ಚು ಬ್ರೆಜಿಲಿನವರು ದುಡಿಯುತ್ತಾರೆ. ದಿನವೂ ಕ್ಯಾಂಟೀನಿನಲ್ಲಿ ಅವರ ಪಕ್ಕದಲ್ಲೇ ಕೂತು ಉಣ್ಣುವ ಗಿರೀಶನಿಗೆ ಆ ಗಳಿಗೆಯಲ್ಲಿ ವಿದೇಶಿ ಎಂದರೆ ನಮ್ಮವನೇ. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೇ ಹಾಗೇ ಅನಿಸಿತ್ತು.

ತನಾಕಾ ಸಾನ್, ಗಿರೀಶ, ನಾನು ಆಸ್ಪತ್ರೆ ತಲುಪುವ ಹೊತ್ತಿಗೆ ಸವಿತಾ ಅಲ್ಲಿದ್ದಳು. ಚೀಲದಲ್ಲಿ ರಮೇಶನ ಸ್ವೆಟರ್, ಇನ್ನೊಂದು ಜೊತೆ ಕನ್ನಡಕ, ಫ್ಲಾಸ್ಕಿನಲ್ಲಿ ಬಿಸಿ ಗಂಜಿ. ನರ್ಸ್ ಪರದೆ ಸರಿಸಿದಳು. ಮಂಚದ ಮೇಲೆ ಒಬ್ಬ ಬ್ರೆಜಿಲಿನ ಯುವಕ ಕಣ್ಣು ಬಿಟ್ಟುಕೊಂಡು ಮಲಗಿದ್ದ. ಸವಿತಾ ಅವನನ್ನೇ ನೋಡುತ್ತಾ ನಿಂತಳು. ಆಮೇಲೆ "ಸುಮಿಮಾಸೆನ್" ಎಂದು ಅವನ ಕ್ಷಮೆ ಕೇಳಿ ಪರದೆಯನ್ನು ತಾನೇ ಎಳೆದಳು.

ತನಾಕಾ ಸಾನ್‌ಗೆ ಠಾಣೆಯ ಫೋನ್ ಬಂದದ್ದು ಆಗ. ಮಣ್ಣಿನಡಿ ಎರಡನೆಯ ಕಾರೊಂದಿತ್ತು. ಅದರಲ್ಲಿದ್ದವನು ರಮೇಶ. ಅವನು ಬದುಕಿರಲಿಲ್ಲ.

ಸವಿತಾ ಗಿರೀಶನ ಕಡೆ ತಿರುಗಿದಳು. "ಬದುಕಿದಾರೆ ಅಂದ್ರಲ್ಲ?"

ಗಿರೀಶ ಗೋಡೆಗೆ ಒರಗಿ ಅಳತೊಡಗಿದ. ಅವಳು ಅದನ್ನೇ ನನ್ನನ್ನೂ ಕೇಳಿದಳು.

ಗಿರೀಶ ಕೆಟ್ಟವನಲ್ಲ, ಅವಳ ಸಂಕಟ ನೋಡಲಾರದೆ ಬಾಯಿಬಿಟ್ಟ. ಆದರೆ ರೇಡಿಯೋದಲ್ಲಿ ಮಾತಾಡುತ್ತಿದ್ದವರು ಆಂಬುಲೆನ್ಸಿನ ಏರ್ಪಾಟು ಮಾಡುತ್ತಿದ್ದರು, ನಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ. ಆ ಕಾನೂನು ಯಾರನ್ನು ಕಾಯುತ್ತದೆಂದು ನನಗೆ ತಿಳಿದದ್ದು ಅಂದು. ಸಾವಿನ ಸುದ್ದಿಯನ್ನು ಸವಿತಾ ಹೇಗೂ ಕೇಳಲೇಬೇಕಿತ್ತು. ಗಂಡನಿಗೆಂದು ಗಂಜಿ ಕಾಯಿಸಿಕೊಂಡು ಬಂದು ಕೇಳಬೇಕಿರಲಿಲ್ಲ.