ಗೋಡೆ ಏರಿದ ಕೌದಿ

ಇಮಾಮಬಿ ಯಾರನ್ನೂ ಒಂದೇ ಸಲಕ್ಕೆ ನಂಬಿದ ಹೆಂಗಸಲ್ಲ. ಸಾಂತಾಕ್ರೂಜದ ಆಕೆಯ ಚಾಳಿನಲ್ಲಿ ಹಾಲಿನ ಭಯ್ಯಾ ಹಾಲು ಅಳೆದು ಕೊಟ್ಟರೆ, ಅವನ ಎದುರಿಗೇ ಬೆರಳು ಅದ್ದಿ ಉಗುರಿನ ಮೇಲೆ ಹನಿ ನಿಲ್ಲುತ್ತದೆಯೋ ಇಲ್ಲವೋ ನೋಡುವಳು. “ನಾಳೆ ಜನ್ನತಿನ ಬಾಗಿಲಾಗ ನಿಂತವಗೂ ನೀ ಯಾವೂರಾಂವ ಅಂತ ಕೇಳ್ತಿ” ಎಂದು ಗಂಡ ಅಬ್ದುಲ್ ನಗುತ್ತಿದ್ದ.

ಅಬ್ದುಲ್ ಬಡಿಗ. ಅಂಧೇರಿಯಲ್ಲಿ ಸಂಚಾರಿ ಪ್ರದರ್ಶನ ನಡೆಸುವ ಮಂಡಳಿಯೊಂದಿತ್ತು. ಹಳೆಯ ಮೂರ್ತಿ, ದೀಪ, ಚಿತ್ರಗಳನ್ನು ಮ್ಯೂಜಿಯಂಗಳಿಂದ, ದೊಡ್ಡ ಮನೆತನಗಳಿಂದ ಕಡ ತಂದು, ಲಾರಿಯಲ್ಲಿ ಊರೂರಿಗೆ ಒಯ್ದು ತೋರಿಸಿ, ಮತ್ತೆ ಅವರವರಿಗೆ ಒಪ್ಪಿಸುವುದು ಅದರ ಕೆಲಸ. ಅದರ ಗೋಡೌನಿನಲ್ಲಿ ಅಬ್ದುಲ್ ಪೆಟ್ಟಿಗೆ ಮಾಡುತ್ತಿದ್ದ. ಅರವತ್ತೆಂಟನೆಯ ಇಸವಿಯಲ್ಲಿ ಕಾಮಾಲೆಯಾಗಿ ಅವನು ತೀರಿಕೊಂಡ. ಪೆಟ್ಟಿಗೆಯೊಳಗೆ ಸಾಮಾನು ಅಲ್ಲಾಡದಂತೆ ಸುತ್ತುವ ಮೆತ್ತೆ ಹೊಲಿಯುವ ಕೆಲಸವನ್ನು ಮಂಡಳಿಯವರು ಇಮಾಮಬಿಗೆ ಕೊಟ್ಟರು. ಇಂಡಿ ತಾಲೂಕಿನ ಹೆಣ್ಣು ಆಕೆ. ಹಳೆ ಸೀರೆ, ಹಳೆ ಧೋತರ ಕೂಡಿಸಿ ಕೌದಿ ಹೊಲಿಯುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಮೆತ್ತೆ ಹೊಲಿ ಎಂದರೆ ಕೌದಿಯನ್ನೇ ಹೊಲಿದಳು. ಹೊಲಿದದ್ದನ್ನು ಸುತ್ತಿ ಮೊಳೆ ಹೊಡೆಯುವುದು, ಲಾರಿಯ ಜೊತೆ ಹೋಗುವುದು, ಹೋದ ಊರಲ್ಲಿ ಬಿಚ್ಚಿ ತೂಗುಹಾಕುವುದು ಪೂವಪ್ಪನ ಪಾಲಿನ ಕೆಲಸ. ಅವನು ಬಾಗಲಕೋಟೆ ಕಡೆಯವನು, ಎರಡು ಮಕ್ಕಳ ತಂದೆ, ಕಡಿಮೆ ಮಾತಿನವನು.

ಎಪ್ಪತ್ತಮೂರರಲ್ಲಿ ದಖ್ಖನದ ಮನೆಬಳಕೆಯ ಸಾಮಾನುಗಳ ಪ್ರದರ್ಶನವೊಂದು ಹೊರಟಿತು. ಹಿತ್ತಾಳೆಯ ದೀಪದ ಸಮೆ, ಬೀಸುಕಲ್ಲು, ಒಂದು ಕಲ್ಲಿನ ನಂದಿ, ಜೊತೆಗೆ ಒಂದು ಹಳೆಯ ಕೌದಿ. ಕೌದಿ ಅಕ್ಕಲಕೋಟೆ ಕಡೆಯ ಸಿದ್ದರಾಮಪ್ಪ ಎಂಬ ಜಮೀನುದಾರರ ಮನೆಯದು, ಇನ್ನೂರು ವರ್ಷದ್ದು ಎಂದು ಕಾಗದ ಹೇಳುತ್ತಿತ್ತು. ಹರಿದು ಜಾಳುಜಾಳಾಗಿತ್ತು. ಆದರೆ ನಡುವಿನ ಚೌಕದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹೊರಟ ಅದರ ಅಂಚು ನೋಡಿ ಇಮಾಮಬಿ ಅವತ್ತು ಊಟಕ್ಕೂ ಏಳಲಿಲ್ಲ. ಆ ಸಲದ ಮೂವತ್ತು ಮೆತ್ತೆಗಳಲ್ಲಿ ಒಂದಕ್ಕೆ ಅದೇ ಅಂಚು ಹಾಕಿದಳು. ಯಾರೂ ಹೇಳಿರಲಿಲ್ಲ. ಕೈ ಸುಮ್ಮನಿರಲಿಲ್ಲ, ಅಷ್ಟೇ.

ಪುಣೆ, ಕೊಲ್ಹಾಪುರ, ಸೊಲ್ಲಾಪುರ, ನಾಗಪುರ ತಿರುಗಿ ನಾಲ್ಕು ತಿಂಗಳಿಗೆ ಪೆಟ್ಟಿಗೆಗಳು ಮರಳಿದವು. ತಮ್ಮ ಕೌದಿ ಒಯ್ಯಲು ಸಿದ್ದರಾಮಪ್ಪನವರು ತಾವೇ ಬಂದರು. ಪ್ರದರ್ಶನಾಧಿಕಾರಿ ಬಸವಂತರಾಯರು ಅದನ್ನು ಮೇಜಿನ ಮೇಲೆ ಹಾಸಿದರು. ಸಿದ್ದರಾಮಪ್ಪನವರು ಅಂಚು ಮುಟ್ಟಿ ನೋಡಿ ಕೈ ಹಿಂದಕ್ಕೆ ತೆಗೆದುಕೊಂಡರು.

“ಇದು ನಮ್ಮ ಮನೀದಲ್ಲ. ನಮ್ಮದು ಹರಕ ಇತ್ತು. ಇದು ಮೊನ್ನಿ ಹೊಲದಂಗದ.”

ಇಮಾಮಬಿಗೆ ಕರೆ ಹೋಯಿತು. ಬಾಗಿಲಲ್ಲಿ ನಿಂತೇ ಆಕೆ ತನ್ನ ಹೊಲಿಗೆಯ ಗುರುತು ಹಿಡಿದಳು.

“ಇದು ಯಾರ ಕೈ ಹೊಲಿಗಿ?” ಎಂದರು ಬಸವಂತರಾಯರು.

“ನಂದ ರೀ ಸಾಹೇಬ್ರ.”

“ಹಳೇದರಂಗ ಯಾಕ ಹೊಲದಿ?”

“ಚಂದ ಕಂಡಿತ್ರಿ.”

ಚಂದ ಕಂಡಿತೆಂದು ಒಬ್ಬರು ಹೊಲಿಯಬಹುದು ಎಂಬುದನ್ನು ಆ ಕೋಣೆಯಲ್ಲಿ ಯಾರೂ ನಂಬಲಿಲ್ಲ. ನಕಲು ಹೊಲಿದಿದ್ದಾಳೆ, ಅಸಲು ಮಾರಿದ್ದಾಳೆ, ಲೆಕ್ಕ ಸರಿಹೋಯಿತು. ಎಂಟು ದಿನದೊಳಗೆ ಕೌದಿ ಬಾರದಿದ್ದರೆ ಪೊಲೀಸರಿಗೆ ಕೊಡುತ್ತೇನೆ ಎಂದು ಹೇಳಿ ಸಿದ್ದರಾಮಪ್ಪನವರು ದಾದರಿನ ನೆಂಟರ ಮನೆಗೆ ಹೋದರು. ಸಂಜೆಯೊಳಗೆ ಗೇಟಿನ ಚೌಕಿಯಲ್ಲಿ ಸಹಿಯಾದ ಕಾಗದ ಅಂಟಿತು: ಇಮಾಮಬಿಯ ಚೀಲವನ್ನು ದಿನವೂ ತಪಾಸಣೆ ಮಾಡತಕ್ಕದ್ದು. ಐದು ವರ್ಷ “ಬರ್ರಿ ಚಾಚಿ, ಹೋಗ್ರಿ ಚಾಚಿ” ಎನ್ನುತ್ತಿದ್ದ ಕಾವಲುಗಾರ ಅವತ್ತು ಆಕೆಯ ಚೀಲದೊಳಗೆ ಕೈ ಹಾಕಿದ. ಲೋಕಲ್ ರೈಲಿನಲ್ಲಿ ಆಕೆ ಚೀಲವನ್ನು ಸೆರಗಿನಡಿ ಬಚ್ಚಿಟ್ಟುಕೊಂಡು ಕೂತಳು, ನಾಚಿಕೆಗೋ ಸಿಟ್ಟಿಗೋ ಆಕೆಗೇ ತಿಳಿಯಲಿಲ್ಲ.

ಕೆಲಸ ಹೋದರೆ ಒಂಬತ್ತನೆಯ ಇಯತ್ತೆಯ ಮಗಳು ಜೈತುನಬಿ ಸಾಲೆ ಬಿಡಬೇಕು. ಕಳ್ಳಿ ಎಂಬ ಹೆಸರು ಬಂದರೆ ಬೇರೆ ಕೆಲಸವೂ ಇಲ್ಲ. ಹಾಗಾದರೆ ಕದ್ದವರು ಯಾರು? ಇಮಾಮಬಿಯ ಅನುಮಾನಕ್ಕೆ ಬಹಳ ದೂರ ಹೋಗಬೇಕಾಗಲಿಲ್ಲ. ಸುತ್ತಿದವನು ಪೂವಪ್ಪ, ಬಿಚ್ಚಿದವನು ಪೂವಪ್ಪ, ನಾಲ್ಕು ಊರಲ್ಲಿ ಗೋಡೆಗೆ ಹಾಕಿದವನೂ ಪೂವಪ್ಪ. ಮೇಲಾಗಿ ಆ ದಿನದಿಂದ ಅವನು ಆಕೆಯ ಮುಖ ನೋಡುತ್ತಿರಲಿಲ್ಲ, ಬುತ್ತಿ ತೆಗೆದುಕೊಂಡು ಲಾರಿಯ ಹಿಂದೆ ಹೋಗಿ ಉಣ್ಣುತ್ತಿದ್ದ. ಆಕೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನನ್ನು ಕಾದಳು. ಅವನು ಯಾರ ಜೊತೆ ಚಹಾ ಕುಡಿದ, ಯಾವ ಚಪ್ಪಲಿ ಮೆಟ್ಟಿ ಬಂದ, ಎಲ್ಲ ನೋಡಿದಳು. ಚಪ್ಪಲಿ ಹೊಸದಿತ್ತು. ಆಕೆಗೆ ಅಷ್ಟು ಸಾಕಾಯಿತು.

ಆರನೆಯ ದಿನ ಮಧ್ಯಾಹ್ನ ಲಾರಿಯ ಹಿಂದೆ ಹೋಗಿ ಅವನ ಬುತ್ತಿಯ ಎದುರಿಗೇ ಕೂತಳು.

“ಯಾರಿಗೆ ಮಾರಿದಿ ಪೂವಪ್ಪ?”

ಪೂವಪ್ಪ ಕೈಯ ತುತ್ತು ಕೆಳಗಿಟ್ಟ. “ನಾ ಮಾರಿದೆ? ಆಪಾ, ನೀವು ಮಾರೀರಿ ಅಂತ ನಾ ಆರು ದಿನದಿಂದ ನಿಮ್ಮ ಮಾರಿ ನೋಡವಲ್ಲೆ! ನೀವು ಕೊಟ್ಟದ್ದನ್ನ ನಾ ಹಾಕೇನಿ. ಪುಣೆದಾಗ ಇಸ್ತ್ರಿ ಮಾಡಿ ಗ್ವಾಡಿಗಿ ಹಾಕೇನಿ.”

“ನಾ ಹೊಲದದ್ದು ಮೆತ್ತಿ. ಅದನ್ನ್ಯಾಕ ಗ್ವಾಡಿಗಿ ಹಾಕಿದಿ?”

“ಮತ್ತೇನು ಹರಕ ಹಾಕಲ್ಯಾ? ಒಂದ ಥರದ್ದು ಎರಡು ಕೌದಿ ಬಂದುವು. ದೊಡ್ಡ ದೊಡ್ಡ ಮಂದಿ ನೋಡಾಕ ಬರ್ತಾರ. ಚಲೋದ್ದು ನೋಡಿ ಹಾಕಿದ್ನಿ.”

“ಹರಕದ್ದು?”

“ನಂದಿಗಿ ಸುತ್ತೇನಿ.”

ಹೇಳಿ ಮುಗಿಸುವಷ್ಟರಲ್ಲಿ ಪೂವಪ್ಪನ ಮುಖದ ಬಣ್ಣ ಇಳಿಯತೊಡಗಿತು. ಕಲ್ಲಿನ ನಂದಿ ಆರು ಹಮಾಲರ ಭಾರ. ಮಂಡಳಿಯ ಸ್ವಂತದ್ದಾದ್ದರಿಂದ ಯಾರಿಗೂ ಒಪ್ಪಿಸಬೇಕಾಗಿರಲಿಲ್ಲ, ಮುಂದಿನ ಪ್ರವಾಸದವರೆಗೆ ಅದರ ಪೆಟ್ಟಿಗೆ ಬಿಚ್ಚುವ ಕಾರಣವೂ ಇರಲಿಲ್ಲ. ಪೂವಪ್ಪ ಮೊಳೆ ಕಿತ್ತ. ನಂದಿಯ ಕೊರಳಿನಿಂದ ಬಾಲದವರೆಗೆ ಇನ್ನೂರು ವರ್ಷದ ಕೌದಿ ಬಿಗಿಯಾಗಿ ಸುತ್ತಿಕೊಂಡಿತ್ತು.

ಎರಡನ್ನೂ ಬಸವಂತರಾಯರ ಮೇಜಿಗೆ ಒಯ್ದರು. ಸಾಹೇಬರು ಹಿಂದೆ ಮುಂದೆ ನೋಡಿ, “ಗ್ವಾಡಿ ಮ್ಯಾಲಿದ್ದದ್ದು ನಿನ್ನ ಮೆತ್ತಿ, ಈ ಹರಕದ್ದ ಅಸಲು ಅಂತ ಹ್ಯಾಂಗ ನಂಬಲಿ?” ಎಂದರು.

ಇಮಾಮಬಿಗೆ ತಡೆಯಲಾಗಲಿಲ್ಲ. ಕತ್ತರಿ ತೆಗೆದು ತನ್ನ ಕೌದಿಯ ಮೂಲೆಯ ತ್ರಿಕೋನದ ತೇಪೆ ಬಿಚ್ಚಿದಳು. ಒಳಗಿಂದ ಒಣಗಿ ಕಲ್ಲಾದ ಪಾವ್ ಬ್ರೆಡ್ಡಿನ ತುಣುಕೊಂದು ಮೇಜಿನ ಮೇಲೆ ಬಿತ್ತು.

“ಕೌದಿ ಹಸದಿರಬಾರದ್ರಿ. ಕಡೀ ತ್ಯಾಪಿ ಹಚ್ಚೂ ಮುಂದ ಒಂದು ತುತ್ತು ಇಡ್ತೀವ್ರಿ. ನಮ್ಮ ಕಡೆ ಜ್ವಾಳದ ರೊಟ್ಟಿ. ಇಲ್ಲೆ ಅವತ್ತ ನನ್ನ ಡಬ್ಬಿದಾಗ ಪಾವ್ ಇತ್ರಿ. ಇನ್ನೂರು ವರ್ಷದ ಹಿಂದ ಅಕ್ಕಲಕೋಟಿಗೆ ಯಾರು ಪಾವ್ ತಂದಿದ್ರು, ನೀವ ಹೇಳ್ರಿ.”

ಬಸವಂತರಾಯರು ಪಾವಿನ ತುಣುಕು ನೋಡಿದರು. ಮೊದಲು ಅವರ ಕಣ್ಣ ಮುಂದೆ ಬಂದದ್ದು ಇಲಿಗಳು. ಅಷ್ಟು ಅಮೂಲ್ಯ ಸಾಮಾನಿನ ನಡುವೆ ತಿನ್ನುವ ಪದಾರ್ಥ! ಆಮೇಲೆ ಕಂಡದ್ದು ಪುಣೆ, ಕೊಲ್ಹಾಪುರ, ಸೊಲ್ಲಾಪುರ, ನಾಗಪುರ. ಇದೇ ಮೆತ್ತೆಯ ಮುಂದೆ ನಿಂತು ಅವರು ಪೂರ್ವಜರ ಕೈಚಳಕದ ಬಗ್ಗೆ ನಾಲ್ಕು ಸಲ ಭಾಷಣ ಮಾಡಿದ್ದರು. ಪೇಪರಿನಲ್ಲಿ ಫೋಟೋ ಬಂದಿತ್ತು.

“ಈ ಮಾತು ಈ ಖೋಲಿ ಬಿಟ್ಟು ಹೋಗಬಾರದು” ಎಂದರು. ಬೇರೆ ಪೆಟ್ಟಿಗೆಯಲ್ಲಿ ಸೇರಿತ್ತು ಎಂದು ಹೇಳಿ ಸಿದ್ದರಾಮಪ್ಪನವರಿಗೆ ಕೌದಿ ಒಪ್ಪಿಸಿದರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪೂವಪ್ಪನ ಕೆಲಸವೂ ಉಳಿಯಿತು. ಇಮಾಮಬಿ ಅಲ್ಲಾಹನ ಹೆಸರು ಹೇಳಿ ಗೇಟಿಗೆ ಬಂದಳು.

“ಚಾಚಿ, ಚೀಲಾ” ಎಂದ ಕಾವಲುಗಾರ.

ಕಾಗದ ಗೋಡೆಯ ಮೇಲೇ ಇತ್ತು. ಆಕೆ ತಿರುಗಿ ಮೆಟ್ಟಿಲು ಹತ್ತಿದಳು. ಬಸವಂತರಾಯರು ಕೈ ಚೆಲ್ಲಿದರು. “ಹೊಂದಿಕೊಂಡು ಹೋಗು ಇಮಾಮಬಿ. ಆರ್ಡರ್ ರದ್ದು ಮಾಡಬೇಕಂದ್ರ ಕಾರಣ ಬರೀಬೇಕು. ಕಾರಣ ಬರದ್ರ ಎಲ್ಲಾ ಹೊರಗ ಬರ್ತದ.”

“ಬರೀಬ್ಯಾಡ್ರಿ. ಕಳ್ಳಿ ಅಂದವ್ರು ನೀವು. ಚೀಲಾ ನೋಡಾವ್ರೂ ನೀವ ಆಗ್ರಿ.” ಹಾಗೆಂದು ಚೀಲವನ್ನು ಅವರ ಮೇಜಿನ ಮೇಲೆ ಸುರುವಿದಳು. ಖಾಲಿ ಡಬ್ಬಿ, ಎಲೆಯಡಿಕೆಯ ಸಂಚಿ, ಲೋಕಲಿನ ಪಾಸು, ಹರಿದ ಕರವಸ್ತ್ರ. ಒಂದೊಂದನ್ನೂ ಎತ್ತಿ ತೋರಿಸಿ ಮತ್ತೆ ತುಂಬಿಕೊಂಡಳು.

ಮರುದಿನ ಸಂಜೆಯೂ ಬಂದಳು. ಅದರ ಮರುದಿನವೂ. ಸಾಹೇಬರು ಬೈದರು, ಕದ ಹಾಕಿಕೊಂಡರು, ಆಕೆ ಕದ ತೆರೆಯುವವರೆಗೆ ಹೊರಗೆ ಕೂತಳು. ಒಂಬತ್ತನೆಯ ದಿನ ದಿಲ್ಲಿಯ ಇಬ್ಬರು ಅತಿಥಿಗಳು ಕೂತಿದ್ದಾಗ ಅವರ ಚಹಾ ಕಪ್ಪುಗಳ ನಡುವೆ ಡಬ್ಬಿ, ಸಂಚಿ, ಪಾಸು, ಕರವಸ್ತ್ರ ಬಿದ್ದವು. “ತಪಾಸ್ ಮಾಡ್ರಿ ಸಾಹೇಬ್ರ” ಎಂದಳು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಹತ್ತನೆಯ ದಿನ ಬಸವಂತರಾಯರು ಆಕೆ ಚೀಲ ಬಿಚ್ಚುವ ಮೊದಲೇ ತಮ್ಮ ಕೈಯಾರೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ಶಿಕ್ಕಾ ಒತ್ತಿ ಒಂದು ಪ್ರತಿ ಆಕೆಗೆ ಕೊಟ್ಟರು. ಗೇಟಿನ ಕಾಗದವೂ ಕಿತ್ತುಹೋಯಿತು.

ಇಂಗ್ಲಿಷ್ ಬಾರದವಳ ಕೈಗೆ ಇಂಗ್ಲಿಷ್ ಕಾಗದ! ಏನು ಬರೆದಿದ್ದಾರೋ ಯಾರಿಗೆ ಗೊತ್ತು. ಮನೆಗೆ ಬಂದು ಜೈತುನಬಿಯ ಕೈಯಲ್ಲಿ ಓದಿಸಿದಳು. ಮಗಳು ಹೇಳಿದ್ದು ಸಿಹಿಯಾಗಿತ್ತು, ಆದರೆ ಅವ್ವನಿಗೆ ನೋವಾಗಬಾರದೆಂದು ಮಕ್ಕಳು ಏನಾದರೂ ಹೇಳುತ್ತಾರೆ. ರಸ್ತೆ ತಿರುವಿನ ನಾಕೆಯ ದವಾಖಾನೆಯ ಕಾಂಪೌಂಡರ್ ಶರೀಫನ ಹತ್ತಿರ ಒಯ್ದಳು. ಅವನೂ ಅದನ್ನೇ ಹೇಳಿದ, ಆದರೆ ಅವನಿಗೆ ಆಕೆಯ ಕೈಯ ಕೌದಿಯೊಂದು ಬೇಕಾಗಿತ್ತು. ಕೊನೆಗೆ ಚಾಳಿನ ತುದಿಯ ಖೋಲಿಯ ಇಂದ್ರಾಬಾಯಿ ಟೀಚರರ ಬಾಗಿಲಿಗೆ ಹೋದಳು. ಟೀಚರರು ಹುಟ್ಟಿದಾಗಿನಿಂದ ಯಾರ ಮುಲಾಜೂ ಇಟ್ಟುಕೊಂಡವರಲ್ಲ.

ಇಂದ್ರಾಬಾಯಿ ಚಸ್ಮಾ ಹಾಕಿಕೊಂಡು ಓದಿದರು. “ಕಚೇರಿ ತಪ್ಪಿನಿಂದ ಪ್ರದರ್ಶನದಾಗ ಒಂದರ ಬದ್ಲಿ ಒಂದು ಸಾಮಾನು ಹೋಗಿತ್ತು. ಇಮಾಮಬಿ ಏನೂ ಕದ್ದಿಲ್ಲ. ತಪಾಸಣೆ ರದ್ದು.”

“ಪೂವಪ್ಪನ ಹೆಸರು ಅದ ಏನ್ರಿ ಅದರಾಗ?”

“ಇಲ್ಲ.”

“ನನ್ನ ಹೆಸರು?”

“ಅದ ಅಲಾ. ಇಮಾಮಬಿ ಏನೂ ಕದ್ದಿಲ್ಲ.”

ಇಮಾಮಬಿ ಹೊಸ್ತಿಲ ಮೇಲೆ ಕೂತಳು. “ಇನ್ನೊಮ್ಮಿ ಓದ್ರಿ ಬಾಯಾರ” ಎಂದಳು. ಈ ಸಲ ಕೇಳಿದ್ದು ಅನುಮಾನಕ್ಕಲ್ಲ. ಟೀಚರರು ಮತ್ತೊಮ್ಮೆ ಓದಿದರು, ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು.